ಸಣ್ಣ ಷೇರುದಾರ, ಸಣ್ಣ ಕಂಪನಿ, ಪತ್ರಿಕಾ ಪ್ರಶಸ್ತಿ: ಕರಾವಳಿಯ ವಾಣಿಜ್ಯ ಬರವಣಿಗೆಯ ಒಂದು ಪರಿಶೀಲನೆ

ಪತ್ರಿಕೋದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪತ್ರಿಕೆಗಳ ಸ್ಥಾಪನೆ, ಸಂಪಾದಕರ ಜೀವನ, ಸ್ವಾತಂತ್ರ್ಯ ಹಾಗೂ ಏಕೀಕರಣ ಚಳವಳಿಗಳಲ್ಲಿ ಪತ್ರಿಕೆಗಳು ವಹಿಸಿದ ಪಾತ್ರ ಇವುಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಪ್ರಶಸ್ತಿಗಳನ್ನು ಚರಿತ್ರೆಯ ಆಕರವಾಗಿ ಬಳಸಿಕೊಂಡದ್ದು ಕಡಿಮೆ. ಒಂದು ಸಮಾಜವು ಯಾವ ಬಗೆಯ ಬರವಣಿಗೆಯನ್ನು ಗೌರವಕ್ಕೆ ಯೋಗ್ಯವೆಂದು ಭಾವಿಸಿತು, ಯಾವುದನ್ನು ದಿನದ ದುಡಿಮೆಯೆಂದು ಬದಿಗೆ ಸರಿಸಿತು ಎಂಬುದು ಪ್ರಶಸ್ತಿಗಳ ವಿಭಾಗಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಸರಿರುವ ವಿಭಾಗಕ್ಕೆ ಪ್ರತಿವರ್ಷ ಅರ್ಜಿಗಳು ಬರುತ್ತವೆ, ತೀರ್ಪುಗಾರರು ಓದುತ್ತಾರೆ, ಆಯ್ದ ಬರವಣಿಗೆಯ ದಾಖಲೆ ಉಳಿಯುತ್ತದೆ. ಹೆಸರಿಲ್ಲದ ಬರವಣಿಗೆ ಮರುದಿನದ ಪತ್ರಿಕೆಯೊಂದಿಗೆ ಮರೆಯಾಗುತ್ತದೆ.

ಕಂಪನಿಗಳು, ಷೇರುಪೇಟೆ ಹಾಗೂ ಸಣ್ಣ ಹೂಡಿಕೆದಾರರ ಹಿತ ಇವುಗಳ ಕುರಿತ ಕನ್ನಡ ಬರವಣಿಗೆ ಇಂತಹ ಮರೆವಿಗೆ ಸಂದ ಒಂದು ಕ್ಷೇತ್ರ. ಈ ಮರೆವು ಅತ್ಯಂತ ವಿಚಿತ್ರವಾಗಿ ಕಾಣುವುದು ಇಂದಿನ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ. ಏಕೆಂದರೆ ಸಣ್ಣ ಮೊತ್ತದ ಷೇರು ಮತ್ತು ಠೇವಣಿಗಳಿಂದ ದೊಡ್ಡ ಸಂಸ್ಥೆಗಳನ್ನು ಕಟ್ಟಿದ ನೆಲ ಇದು. ಪತ್ರಿಕೆಯ ಓದು ವ್ಯಾಪಕವಾಗಿ ಬೇರೂರಿದ ನೆಲವೂ ಹೌದು. ಕಾರ್ಕಳ ತಾಲೂಕಿನ ಮುಡಾರು ಗ್ರಾಮದಲ್ಲಿ, ಕುದುರೆಮುಖದ ಘಟ್ಟಕ್ಕೂ ಧರ್ಮಸ್ಥಳದ ಕಡೆಗೂ ದಾರಿಗಳು ಕವಲೊಡೆಯುವ ಬಜಗೋಳಿಯಂತಹ ಪೇಟೆಯ ಓದುಗನನ್ನು ಕಣ್ಣ ಮುಂದಿಟ್ಟುಕೊಂಡು, ಅವನ ಕೈಯಲ್ಲಿರುವ ಷೇರುಪತ್ರದ ಬಗ್ಗೆ ಅವನ ಭಾಷೆಯ ಪತ್ರಿಕೆ ಏನು ಹೇಳಿತು, ಹಾಗೆ ಹೇಳಿದವರನ್ನು ಗುರುತಿಸುವ ವ್ಯವಸ್ಥೆ ನಾಡಿನಲ್ಲಿ ಬೆಳೆಯಿತೇ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕರಾವಳಿಯ ಸಣ್ಣ ಬಂಡವಾಳ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ನೇತೃತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆಯ ಆರಂಭಿಕ ಬಂಡವಾಳ 5,000 ರೂಪಾಯಿ; ಮೊದಲ ದಿನ ಕೈಸೇರಿದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಅನ್ನು ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅನ್ನು ಕಟ್ಟಿದರು. 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಆರಂಭವಾಯಿತು.

ಈ ಸಂಸ್ಥೆಗಳು ತಮ್ಮ ಕಾಲದ ಅರ್ಥದಲ್ಲಿ ಸಣ್ಣ ಕಂಪನಿಗಳೇ. ಅವುಗಳ ಷೇರುದಾರರು ವಕೀಲರು, ಅಂಗಡಿಯವರು, ಗೇಣಿ ಬರುವ ಭೂಮಿಯ ಒಡೆಯರು, ಕೃಷಿಕರು. 1928ರಲ್ಲಿ ಸಿಂಡಿಕೇಟ್ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆಯುತ್ತಿದ್ದನು. ಹೀಗೆ ಬ್ಯಾಂಕಿನ ವ್ಯವಹಾರವು ಬೀಡಿ ಕಟ್ಟುವವರ, ಮೀನು ಮಾರುವವರ ಮನೆಗಳನ್ನೂ ತಲುಪಿತು. ಹಣಕಾಸಿನ ಸಂಸ್ಥೆಯೊಂದಿಗೆ ದಿನನಿತ್ಯದ ನಂಟು ಬೆಳೆಸಿಕೊಂಡ ಇಂತಹ ಜನಸಮುದಾಯ ದೇಶದ ಬೇರೆಡೆ ಅಪರೂಪವಾಗಿತ್ತು.

ಆದರೆ ಈ ನಂಟು ನಂಬಿಕೆಯ ಮೇಲೆ ನಿಂತಿತ್ತು, ಮಾಹಿತಿಯ ಮೇಲಲ್ಲ. ಷೇರು ಕೊಂಡವನು ಸ್ಥಾಪಕರ ಹೆಸರನ್ನು, ಊರನ್ನು, ಜಾತಿಯನ್ನು ಬಲ್ಲವನಾಗಿದ್ದನು. ಆಸ್ತಿ-ಹೊಣೆ ಪಟ್ಟಿಯನ್ನು ಓದುವ ಅಗತ್ಯ ಅವನಿಗೆ ತೋರಿರಲಿಲ್ಲ. ಕಂಪನಿ ಊರಿನ ಎಲ್ಲೆಯೊಳಗೆ ಇರುವವರೆಗೆ ಈ ಪರಿಚಯವೇ ಪತ್ರಿಕೆಯ ಕೆಲಸವನ್ನು ಮಾಡುತ್ತಿತ್ತು. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳ ಖಾಸಗಿ ಷೇರುದಾರರು ಪರಿಹಾರ ಪಡೆದು ಹಿಂದೆ ಸರಿದರು. 1997ರಲ್ಲಿ ಕಾರ್ಪೊರೇಷನ್, 1999ರಲ್ಲಿ ಸಿಂಡಿಕೇಟ್, 2000ದಲ್ಲಿ ವಿಜಯಾ, 2002ರಲ್ಲಿ ಕೆನರಾ ಬ್ಯಾಂಕ್ ಸಾರ್ವಜನಿಕರಿಗೆ ಷೇರು ನೀಡಿದಾಗ ಕರಾವಳಿಯ ಸಣ್ಣ ಹೂಡಿಕೆದಾರ ಮತ್ತೆ ಅದೇ ಹೆಸರುಗಳ ಷೇರುದಾರನಾದನು. ಆ ವೇಳೆಗೆ ಹೆಸರು ಮಾತ್ರ ಹಳೆಯದಾಗಿತ್ತು. ಸಂಸ್ಥೆ ರಾಷ್ಟ್ರವ್ಯಾಪಿಯಾಗಿತ್ತು, ಬೆಲೆಯನ್ನು ಮುಂಬಯಿಯ ಪೇಟೆ ನಿರ್ಧರಿಸುತ್ತಿತ್ತು. ಪರಿಚಯದ ಜಾಗವನ್ನು ತುಂಬಬೇಕಾದದ್ದು ಪತ್ರಿಕೆ.

ಪತ್ರಿಕೆಯೇ ಕಂಪನಿಯಾದಾಗ

ಕರಾವಳಿಯಲ್ಲಿ ಪತ್ರಿಕೆ ಮತ್ತು ಬಂಡವಾಳದ ಸಂಬಂಧ ಹಳೆಯದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದೇ ಮಿಷನ್ ಮುಂದೆ ಹಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಾಲಯಗಳನ್ನು ನಡೆಸಿತು. 1941ರಲ್ಲಿ ಮಂಗಳೂರಿನಿಂದ ಹೊರಬಂದ ‘ನವಭಾರತ’ ದಿನಪತ್ರಿಕೆಯ ಸ್ಥಾಪಕರಾದ ವಿ.ಎಸ್. ಕುಡ್ವರು ಸಾರಿಗೆ ಮತ್ತು ಯಂತ್ರೋದ್ಯಮಗಳನ್ನು ಕಟ್ಟಿದವರು. ಮಣಿಪಾಲದ ‘ಉದಯವಾಣಿ’ಯನ್ನು ಹೊರತಂದ ಪೈ ಕುಟುಂಬವು ಬ್ಯಾಂಕು, ಶಿಕ್ಷಣ, ಮುದ್ರಣಗಳಲ್ಲಿ ಹೆಸರಾದದ್ದು. ಈ ಸಂಬಂಧದಿಂದ ಕರಾವಳಿಗೆ ಗಟ್ಟಿಯಾದ ಪತ್ರಿಕೆಗಳು ದೊರೆತವು, ಉತ್ತಮ ಮುದ್ರಣ ದೊರೆಯಿತು, ಹಳ್ಳಿಹಳ್ಳಿಗೆ ಸುದ್ದಿಗಾರರ ಜಾಲ ಬೆಳೆಯಿತು. ಅದೇ ಸಂಬಂಧವು ಕಂಪನಿಗಳನ್ನು ಹೊರಗಿನಿಂದ ನೋಡುವ ಬರವಣಿಗೆಗೆ ಸಹಜವಾದ ಒಂದು ಮಿತಿಯನ್ನೂ ಒಡ್ಡಿತು ಎಂಬುದನ್ನು ಚರಿತ್ರೆಕಾರರು ಗಮನಿಸಬೇಕಾಗುತ್ತದೆ. ಈ ಮಿತಿ ಯಾವುದೇ ಒಂದು ಮನೆತನದ್ದಲ್ಲ. ಉದ್ಯಮಿಗಳೇ ಪತ್ರಿಕಾ ಒಡೆಯರಾದ ಎಲ್ಲೆಡೆಯೂ ಕಂಡುಬಂದದ್ದು.

ಈ ಮಾದರಿಗೆ ಭಿನ್ನವಾದ ಪ್ರಯೋಗ 1984ರಲ್ಲಿ ಮಂಗಳೂರಿನಿಂದ ಹೊರಟ ‘ಮುಂಗಾರು’ ದಿನಪತ್ರಿಕೆ. ಇಂದಿನ ಉಡುಪಿ ಜಿಲ್ಲೆಯ ವಡ್ಡರ್ಸೆಯವರಾದ ರಘುರಾಮ ಶೆಟ್ಟರು ‘ಪ್ರಜಾವಾಣಿ’ಯ ಕೆಲಸವನ್ನು ಬಿಟ್ಟು ಬಂದು, ಓದುಗರಿಂದಲೇ ಸಣ್ಣ ಮೊತ್ತದ ಷೇರು ಹಣ ಸಂಗ್ರಹಿಸಿ ಈ ಪತ್ರಿಕೆಯನ್ನು ಕಟ್ಟಿದರು. ಒಡೆತನ ಒಬ್ಬ ಉದ್ಯಮಿಯ ಕೈಯಲ್ಲಿರದೆ ಓದುವವರಲ್ಲಿ ಹಂಚಿಹೋಗಬೇಕೆಂಬುದು ಅದರ ಹಿಂದಿನ ಚಿಂತನೆ. ಇಂದೂಧರ ಹೊನ್ನಾಪುರ, ಎನ್.ಎಸ್. ಶಂಕರ್, ದಿನೇಶ್ ಅಮಿನ್ ಮಟ್ಟು ಮೊದಲಾದವರು ಈ ಪತ್ರಿಕೆಯೊಂದಿಗೆ ಗುರುತಿಸಿಕೊಂಡವರು. ದಲಿತ, ಹಿಂದುಳಿದ ವರ್ಗಗಳ ದನಿಗೆ ಕನ್ನಡ ಪತ್ರಿಕಾರಂಗದಲ್ಲಿ ಜಾಗ ಮಾಡಿಕೊಟ್ಟ ಪತ್ರಿಕೆಯೆಂದು ‘ಮುಂಗಾರು’ವಿಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ.

ಆದರೆ ‘ಮುಂಗಾರು’ ಒಂದು ಸಣ್ಣ ಕಂಪನಿಯೂ ಆಗಿತ್ತು. ಜನರ ಷೇರು ಹಣ ಕೈಯಲ್ಲಿದ್ದರೂ ಜಾಹೀರಾತಿನ ಬೆಂಬಲ ದುರ್ಬಲವಾಗಿದ್ದರೆ ದಿನಪತ್ರಿಕೆ ಎಷ್ಟು ಕಾಲ ನಿಲ್ಲಬಲ್ಲದು, ಕಾಗದ ಮತ್ತು ಸಾಗಣೆಯ ವೆಚ್ಚವನ್ನು ಯಾರು ಹೊರಬೇಕು, ಷೇರುದಾರ-ಓದುಗನಿಗೆ ಲೆಕ್ಕ ಕೇಳುವ ಹಕ್ಕು ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳೆಲ್ಲ ಅಲ್ಲಿ ಎದುರಾದವು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಅದನ್ನು ಕುರಿತ ನೆನಪುಗಳಲ್ಲಿ ಆದರ್ಶ, ಸಂಘರ್ಷ, ಭಿನ್ನಾಭಿಪ್ರಾಯಗಳ ವಿವರಗಳು ಹೇರಳವಾಗಿವೆ. ಕಂಪನಿಯಾಗಿ ಅದರ ಏಳುಬೀಳಿನ ವಿಶ್ಲೇಷಣೆ ಅಲ್ಪ. ಷೇರು ಕೊಂಡ ಸಾಮಾನ್ಯ ಓದುಗನು ಈ ಕಥನಗಳಲ್ಲಿ ಅಭಿಮಾನಿಯಾಗಿ ಕಾಣುತ್ತಾನೆ, ಹೂಡಿಕೆದಾರನಾಗಿ ಕಾಣುವುದಿಲ್ಲ.

ಷೇರುಪೇಟೆ ಊರಿಗೆ ಬಂದ ಕಾಲ

1980ರ ದಶಕದ ಮಧ್ಯದಲ್ಲಿ ಮಂಗಳೂರಿಗೆ ತನ್ನದೇ ಷೇರು ವಿನಿಮಯ ಕೇಂದ್ರ ದೊರೆಯಿತು. ಬೆಂಗಳೂರಿನ ವಿನಿಮಯ ಕೇಂದ್ರ 1957ರಷ್ಟು ಹಳೆಯದು. ಪ್ರಾದೇಶಿಕ ಕೇಂದ್ರಗಳ ಉದ್ದೇಶ, ಸುತ್ತಲಿನ ಸಣ್ಣ ಕಂಪನಿಗಳಿಗೆ ಸ್ಥಳೀಯ ಉಳಿತಾಯದಿಂದ ಬಂಡವಾಳ ದೊರಕಿಸುವುದು. 1992ರಲ್ಲಿ ಬಂಡವಾಳ ನಿಯಂತ್ರಣದ ಹಳೆಯ ಕಾಯ್ದೆ ರದ್ದಾಗಿ, ಸೆಬಿಗೆ ಶಾಸನಬದ್ಧ ಅಧಿಕಾರ ಬಂದ ಮೇಲೆ ಷೇರು ಬೆಲೆಯನ್ನು ಕಂಪನಿಗಳೇ ನಿರ್ಧರಿಸತೊಡಗಿದವು. ಮುಂದಿನ ಮೂರು-ನಾಲ್ಕು ವರ್ಷ ಹೊಸ ಷೇರುಗಳ ಮಹಾಪೂರವೇ ಹರಿಯಿತು. ಅರ್ಜಿ ನಮೂನೆಗಳು ಸಣ್ಣ ಪೇಟೆಗಳನ್ನೂ ತಲುಪಿದವು.

ಅದೇ 1992ರ ಏಪ್ರಿಲ್‌ನಲ್ಲಿ ಮುಂಬಯಿಯ ಪತ್ರಕರ್ತೆ ಸುಚೇತಾ ದಲಾಲ್ ಅವರು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬರೆದ ವರದಿಯಿಂದ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ವ್ಯವಹಾರ ಬಯಲಾಯಿತು. ಬೆಳಗಾವಿಯಲ್ಲಿ ಶಾಲೆ ಓದಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪದವಿ ಪಡೆದ ದಲಾಲ್ ಅವರ ಈ ಹಿನ್ನೆಲೆ ಕರ್ನಾಟಕದಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ. ಆ ಹಗರಣದ ತನಿಖೆಗಳಲ್ಲಿ ಕೆನರಾ ಬ್ಯಾಂಕಿನ ಅಂಗಸಂಸ್ಥೆಗಳಾದ ಕ್ಯಾನ್‌ಫಿನಾ ಮತ್ತು ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್‌ನ ವ್ಯವಹಾರಗಳೂ ಪರಿಶೀಲನೆಗೆ ಒಳಗಾದವು. ಅಂದರೆ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕೊಂದರ ಕವಲುಗಳು ದೇಶದ ಅತಿ ದೊಡ್ಡ ಹಣಕಾಸು ವಿವಾದದೊಳಗೆ ಸಿಲುಕಿದ್ದವು. ಅದನ್ನು ಹೊರಗೆ ತಂದದ್ದು ಇಂಗ್ಲಿಷ್ ಪತ್ರಿಕೆ.

ಷೇರುಗಳ ಮಹಾಪೂರ ಇಳಿದಾಗ ಹಣ ಪಡೆದು ವಿಳಾಸವೇ ಸಿಗದಂತಾದ ಕಂಪನಿಗಳು ಬೆಳಕಿಗೆ ಬಂದವು. ಕೇಂದ್ರ ಸರ್ಕಾರ ಮತ್ತು ಸೆಬಿ ‘ಕಣ್ಮರೆಯಾದ ಕಂಪನಿಗಳು’ ಎಂದು ಗುರುತಿಸಿದವುಗಳ ಸಂಖ್ಯೆ ಇನ್ನೂರನ್ನು ಮೀರಿತ್ತು. 1997ರಲ್ಲಿ ಸಿಆರ್‌ಬಿ ಕ್ಯಾಪಿಟಲ್ ಮಾರ್ಕೆಟ್ಸ್ ಕುಸಿದುದು, 1998ರಲ್ಲಿ ರಿಸರ್ವ್ ಬ್ಯಾಂಕ್ ಠೇವಣಿ ನಿಯಮಗಳನ್ನು ಬಿಗಿಗೊಳಿಸಿದುದು ಬ್ಯಾಂಕೇತರ ಹಣಕಾಸು ಸಂಸ್ಥೆಗಳನ್ನು ದೇಶದಾದ್ಯಂತ ಅಲುಗಿಸಿತು. ಪ್ರಾದೇಶಿಕ ವಿನಿಮಯ ಕೇಂದ್ರಗಳೂ ಉಳಿಯಲಿಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಗಣಕೀಕೃತ ವಹಿವಾಟಿನ ಎದುರು ಅವು ಸೊರಗಿದವು. ಮಂಗಳೂರಿನ ಕೇಂದ್ರದ ಮಾನ್ಯತೆಯನ್ನು 2004ರಲ್ಲಿ ಸೆಬಿ ನವೀಕರಿಸಲಿಲ್ಲ. ಬೆಂಗಳೂರಿನ ಕೇಂದ್ರ 2014ರಲ್ಲಿ ವಿದಾಯ ಹೇಳಿತು. ಇವುಗಳಲ್ಲಿ ಮಾತ್ರ ನೋಂದಾಯಿತವಾಗಿದ್ದ ಸಣ್ಣ ಕಂಪನಿಗಳ ಷೇರುಗಳನ್ನು ಹಿಡಿದವರಿಗೆ ಮಾರಲು ಪೇಟೆಯೇ ಇಲ್ಲದಂತಾಯಿತು.

ಪ್ರಶಸ್ತಿಗಳ ವಿಭಾಗಗಳು ಹೇಳುವ ಮಾತು

ಇಷ್ಟೆಲ್ಲ ನಡೆದ ದಶಕಗಳಲ್ಲಿ ಕರ್ನಾಟಕದ ಪತ್ರಿಕಾ ಪ್ರಶಸ್ತಿಗಳು ಯಾವುದನ್ನು ಗುರುತಿಸಿದವು? ‘ಛೂಬಾಣ’ ಅಂಕಣದಿಂದ ಹೆಸರಾದ ಟಿ.ಎಸ್. ರಾಮಚಂದ್ರರಾಯರ ನೆನಪಿನ ಟಿಎಸ್ಸಾರ್ ಪ್ರಶಸ್ತಿ ಹಿರಿಯ ಪತ್ರಕರ್ತರ ಒಟ್ಟು ಸಾಧನೆಗೆ ಸಲ್ಲುತ್ತದೆ. ಮೊಹರೆ ಹನುಮಂತರಾಯರ ಹೆಸರಿನ ಪ್ರಶಸ್ತಿ ಪತ್ರಿಕೆಗಳನ್ನು ಕಟ್ಟಿ ನಡೆಸಿದವರಿಗೆ. ಅಭಿವೃದ್ಧಿ ಮತ್ತು ಪರಿಸರ ಪತ್ರಿಕೋದ್ಯಮಕ್ಕೆ ಸರ್ಕಾರದ ಪ್ರತ್ಯೇಕ ಗೌರವಗಳಿವೆ. ಪತ್ರಿಕಾ ಅಕಾಡೆಮಿಯೆಂದು ಆರಂಭವಾಗಿ ಮುಂದೆ ಮಾಧ್ಯಮ ಅಕಾಡೆಮಿಯಾದ ಸಂಸ್ಥೆಯ ದತ್ತಿ ಪ್ರಶಸ್ತಿಗಳಲ್ಲಿ ‘ಆಂದೋಲನ’ವು ಪ್ರಾದೇಶಿಕ ಪತ್ರಿಕೆಗೆ, ‘ಅಭಿಮಾನಿ’ಯು ಸಾಮಾಜಿಕ ಸಮಸ್ಯೆಯ ಲೇಖನಕ್ಕೆ, ‘ಮೈಸೂರು ದಿಗಂತ’ವು ಮಾನವೀಯ ವರದಿಗೆ, ‘ಅರಗಿಣಿ’ಯು ಚಲನಚಿತ್ರ ಲೇಖನಕ್ಕೆ ಮೀಸಲು. ಈ ಪರಿಚಿತ ಹೆಸರುಗಳ ಸಾಲಿನಲ್ಲಿ ಕಂಪನಿ, ಷೇರು, ಹೂಡಿಕೆ ಎಂಬ ಪದಗಳು ಕಾಣುವುದಿಲ್ಲ. ಚಲನಚಿತ್ರಕ್ಕೆ ಹೆಸರಿದೆ, ಬಂಡವಾಳಕ್ಕೆ ಇಲ್ಲ.

ಹೊರಗಿನ ನಿದರ್ಶನಗಳು ಈ ಕೊರತೆಯನ್ನು ಅಳೆಯಲು ನೆರವಾಗುತ್ತವೆ. ಅಮೆರಿಕದಲ್ಲಿ ಷೇರು ದಲ್ಲಾಳಿ ಜೆರಾಲ್ಡ್ ಲೋಬ್ 1957ರಲ್ಲಿ ಸ್ಥಾಪಿಸಿದ ಪ್ರಶಸ್ತಿಗಳ ಘೋಷಿತ ಉದ್ದೇಶ, ಸಾಮಾನ್ಯ ಹೂಡಿಕೆದಾರನಿಗೆ ತಿಳಿವಳಿಕೆ ಹಾಗೂ ರಕ್ಷಣೆ ನೀಡುವ ಬರವಣಿಗೆಯನ್ನು ಪ್ರೋತ್ಸಾಹಿಸುವುದು. 1973ರಿಂದ ಅವುಗಳ ನಿರ್ವಹಣೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಯಲ್ಲಿದೆ. ಸಣ್ಣ ಪ್ರಸಾರದ ಪತ್ರಿಕೆಗಳಿಗೆ ಅಲ್ಲಿ ಬಹುಕಾಲ ಪ್ರತ್ಯೇಕ ವಿಭಾಗವಿತ್ತು. ಬ್ರಿಟನ್ನಿನಲ್ಲಿ ಆರ್ಥಿಕ ಅಂಕಣಕಾರ ಹೆರಾಲ್ಡ್ ವಿಂಕಾಟ್ ಅವರ ನೆನಪಿಗೆ 1969ರಲ್ಲಿ ಪ್ರತಿಷ್ಠಾನವೊಂದು ರೂಪುಗೊಂಡು ಆರ್ಥಿಕ ಪತ್ರಿಕೋದ್ಯಮ ಪ್ರಶಸ್ತಿಗಳನ್ನು ನೀಡುತ್ತ ಬಂದಿದೆ. ಭಾರತದಲ್ಲಿ 2006ರಿಂದ ನೀಡಲಾಗುತ್ತಿರುವ ರಾಮನಾಥ ಗೋಯಂಕಾ ಪ್ರಶಸ್ತಿಗಳಲ್ಲಿ ವಾಣಿಜ್ಯ ಮತ್ತು ಆರ್ಥಿಕ ವರದಿಗೆ ವಿಭಾಗವಿದೆ. ಪ್ರಾದೇಶಿಕ ಭಾಷೆಗಳಿಗೂ ವಿಭಾಗವಿದೆ. ಆದರೆ ಎರಡೂ ಬೇರೆ ಬೇರೆಯಾಗಿರುವುದೇ ಒಂದು ಸೂಚನೆ. ವಾಣಿಜ್ಯ ಒಂದು ಕಡೆ, ಪ್ರಾದೇಶಿಕ ಭಾಷೆ ಇನ್ನೊಂದು ಕಡೆ ಎಂಬ ಕಲ್ಪನೆ ಅದರಲ್ಲಿ ಅಡಗಿದೆ. ಗುಜರಾತಿಯಲ್ಲಿ ‘ವ್ಯಾಪಾರ್’ನಂತಹ ವಾಣಿಜ್ಯ ಪತ್ರಿಕೆ ದಶಕಗಳಿಂದ ನೆಲೆಯೂರಿರುವುದನ್ನು ಗಮನಿಸಿದರೆ ಈ ವಿಭಜನೆ ಅನಿವಾರ್ಯವೇನೂ ಅಲ್ಲ.

ಬೇರೆ ಬಾಗಿಲಿನಿಂದ ಬಂದ ಮನ್ನಣೆ

ಕಂಪನಿಗಳ ಕುರಿತ ಬರವಣಿಗೆ ಕನ್ನಡದಲ್ಲಿ ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಅದು ಬೇರೆ ಹೆಸರಿನಲ್ಲಿ ನಡೆಯಿತು. ಬಜಗೋಳಿಯಿಂದ ಮಾಳದ ಮಾರ್ಗವಾಗಿ ಘಟ್ಟವೇರಿದರೆ ದೊರೆಯುವ ಕುದುರೆಮುಖ ಇದಕ್ಕೆ ಉತ್ತಮ ನಿದರ್ಶನ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಅದಿರಿನ ಕೆಸರನ್ನು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಗಣಿಗಾರಿಕೆ ನಿಂತಿತು. ಭದ್ರಾ ನದಿಯ ಹೂಳು, ಕಾಡಿನ ನಾಶ, ಒಕ್ಕಲೆಬ್ಬಿಸುವ ಭೀತಿ ಇವುಗಳನ್ನು ಕುರಿತು ಕನ್ನಡ ಪತ್ರಕರ್ತರು ವಿಪುಲವಾಗಿ ಬರೆದರು. ಆ ಬರವಣಿಗೆಗೆ ಪರಿಸರ ಪತ್ರಿಕೋದ್ಯಮವೆಂಬ ಹೆಸರಿತ್ತು. ಗೌರವದ ದಾರಿಯೂ ತೆರೆದಿತ್ತು. ಅದೇ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾದುದು, ಅದರ ಸುಮಾರು ಶೇ. 99 ಷೇರು ಕೇಂದ್ರ ಸರ್ಕಾರದ್ದಾಗಿ ಉಳಿದ ಅಲ್ಪ ಭಾಗ ಸಾರ್ವಜನಿಕರ ಕೈಯಲ್ಲಿದ್ದುದು, ಗಣಿ ನಿಂತ ಕಂಪನಿ ಉಂಡೆ ತಯಾರಿಕೆಗೆ ಹೊರಗಿನ ಅದಿರನ್ನು ನೆಚ್ಚಬೇಕಾದುದು ಇವೆಲ್ಲ ಆ ಚೌಕಟ್ಟಿನ ಹೊರಗೆ ಉಳಿಯುವ ಸಂಗತಿಗಳು.

ಸುಚೇತಾ ದಲಾಲ್ ಅವರ ವಿಷಯದಲ್ಲಿಯೂ ಇದೇ ಮಾತು. 1992ರಲ್ಲಿ ಅವರಿಗೆ ಸಂದ ಚಮೇಲಿ ದೇವಿ ಪ್ರಶಸ್ತಿ ಮಹಿಳಾ ಪತ್ರಕರ್ತರಿಗೆ ಮೀಸಲಾದುದು; 2006ರ ಪದ್ಮಶ್ರೀ ಪತ್ರಿಕೋದ್ಯಮದ ಒಟ್ಟು ಸಾಧನೆಗೆ. ದೇಶದ ಬಂಡವಾಳ ಮಾರುಕಟ್ಟೆಯ ಚರಿತ್ರೆಯನ್ನೇ ಬದಲಿಸಿದ ವರದಿಗೂ ಮನ್ನಣೆ ಬೇರೆ ಬಾಗಿಲಿನಿಂದ ಬರಬೇಕಾಯಿತು.

ಪ್ರಶಸ್ತಿ ಯಾರಿಂದ?

ವಿಭಾಗವೊಂದನ್ನು ಹೊಸದಾಗಿ ತೆರೆದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಕಂಪನಿಗಳ ಬಗ್ಗೆ ಬರೆಯುವವರಿಗೆ ಕಂಪನಿಗಳೇ ಪುರಸ್ಕಾರ ನೀಡುವ ಅಪಾಯ ಈ ಕ್ಷೇತ್ರದ ವಿಶೇಷ ತೊಡಕು. ಭಾರತೀಯ ಪತ್ರಿಕಾ ಮಂಡಳಿ 1996ರಲ್ಲಿ ಹಣಕಾಸು ಪತ್ರಕರ್ತರಿಗಾಗಿ ಪ್ರತ್ಯೇಕ ಮಾರ್ಗಸೂಚಿ ನೀಡಿ, ಉಡುಗೊರೆ, ಸಾಲ, ಪ್ರವಾಸ, ರಿಯಾಯಿತಿ, ಆದ್ಯತೆಯ ಷೇರು ಇವುಗಳನ್ನು ಸ್ವೀಕರಿಸಬಾರದೆಂದಿತು. ಕಂಪನಿಯ ಖರ್ಚಿನಲ್ಲಿ ಹೋಗಿ ಬರೆದ ವರದಿಯಲ್ಲಿ ಆ ಸಂಗತಿಯನ್ನು ತಿಳಿಸಬೇಕೆಂದೂ ಸೂಚಿಸಿತು. ಇಂತಹ ನಿಯಮದ ಅಗತ್ಯ ಬಿದ್ದುದೇ ಆ ಕಾಲದ ರೂಢಿಗೆ ಸಾಕ್ಷಿ. 2000ದ ದಶಕದಲ್ಲಿ ಕೆಲವು ದೊಡ್ಡ ಮಾಧ್ಯಮ ಸಂಸ್ಥೆಗಳು ಜಾಹೀರಾತಿಗೆ ಬದಲಾಗಿ ಕಂಪನಿಗಳ ಷೇರುಗಳನ್ನೇ ಪಡೆಯತೊಡಗಿದಾಗ, ಅಂತಹ ಪಾಲನ್ನು ವರದಿಯಲ್ಲಿ ಬಹಿರಂಗಪಡಿಸುವುದು ಕಡ್ಡಾಯವೆಂದು 2010ರಲ್ಲಿ ಸೆಬಿ ಹೇಳಬೇಕಾಯಿತು. ದೊಡ್ಡ ಕಂಪನಿಯನ್ನು ಹತ್ತಾರು ವಿಶ್ಲೇಷಕರು ಗಮನಿಸುತ್ತಿರುತ್ತಾರೆ. ಸಣ್ಣ ಕಂಪನಿಯ ಮೇಲೆ ಅಂತಹ ಕಣ್ಣಿಲ್ಲ. ಒಂದೇ ಒಂದು ಹೊಗಳಿಕೆಯ ಲೇಖನ ಅದರ ಬೆಲೆಯನ್ನು ಏರಿಸಬಲ್ಲದು. ಹೀಗಾಗಿ ಸಣ್ಣ ಕಂಪನಿಯ ವರದಿಯಲ್ಲಿ ಪ್ರಾಮಾಣಿಕತೆಯ ಬೆಲೆ ಹೆಚ್ಚು.

2012ರಲ್ಲಿ ಮುಂಬಯಿಯ ಎರಡೂ ವಿನಿಮಯ ಕೇಂದ್ರಗಳು ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಪ್ರತ್ಯೇಕ ವೇದಿಕೆಗಳನ್ನು ತೆರೆದ ಮೇಲೆ ಈ ಮಾತು ಇನ್ನಷ್ಟು ನಿಜವಾಗಿದೆ. ಅಪಾಯವನ್ನು ಅರಿತೇ ಅಲ್ಲಿ ಆರಂಭದಿಂದ ಕನಿಷ್ಠ ಅರ್ಜಿಯ ಮೊತ್ತವನ್ನು 1 ಲಕ್ಷ ರೂಪಾಯಿಗಿಂತ ಕಡಿಮೆ ಇರದಂತೆ ನಿಗದಿಪಡಿಸಲಾಗಿತ್ತು. ಷೇರು ನೀಡಿಕೆಯ ಪೂರ್ಣ ಮೊತ್ತಕ್ಕೆ ಖಾತರಿದಾರರು ಇರಬೇಕು, ಮೂರು ವರ್ಷ ಕೊಳ್ಳುವ-ಮಾರುವ ದರವನ್ನು ಒದಗಿಸುವ ವಹಿವಾಟುದಾರರು ಇರಬೇಕು ಎಂಬ ನಿಯಮಗಳೂ ಬಂದವು. ಆದರೆ ಈ ಕಂಪನಿಗಳ ವಿವರಣಾ ಪತ್ರವನ್ನು ಪರಿಶೀಲಿಸುವ ಹೊಣೆ ಮುಖ್ಯವಾಗಿ ವಿನಿಮಯ ಕೇಂದ್ರದ್ದೇ ಆಯಿತು. ನಿಯಂತ್ರಕನ ಕಣ್ಣು ಹಿಂದೆ ಸರಿದ ಕಡೆ ಪತ್ರಿಕೆಯ ಕಣ್ಣು ಮುಂದೆ ಬರಬೇಕಾಗುತ್ತದೆ.

ವಿಲೀನದ ಪಾಠ

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಕರಾವಳಿಯಲ್ಲಿ ಪ್ರತಿಭಟನೆ ನಡೆಯಿತು. ಹೆಸರು ಅಳಿದುಹೋಗುವ ನೋವು ಬರವಣಿಗೆಯ ಪ್ರಧಾನ ಸ್ವರವಾಯಿತು. ಆ ನೋವು ಸಹಜವಾದುದು. ಆದರೆ ವಿಲೀನದಲ್ಲಿ ಷೇರುದಾರನಿಗೆ ಸಂಬಂಧಿಸಿದ ಸಂಗತಿ ಮೂರು ಸಂಖ್ಯೆಗಳಲ್ಲಿತ್ತು: ವಿಜಯಾ ಬ್ಯಾಂಕಿನ 1,000 ಷೇರಿಗೆ ಬರೋಡಾದ 402, ಸಿಂಡಿಕೇಟಿನ 1,000 ಷೇರಿಗೆ ಕೆನರಾದ 158, ಕಾರ್ಪೊರೇಷನ್ನಿನ 1,000 ಷೇರಿಗೆ ಯೂನಿಯನ್ ಬ್ಯಾಂಕಿನ 330. ಈ ಅನುಪಾತಗಳನ್ನು ಹೇಗೆ ಲೆಕ್ಕ ಹಾಕಲಾಯಿತು, ಅವು ನ್ಯಾಯವೇ, ಹತ್ತೋ ಇಪ್ಪತ್ತೋ ಷೇರು ಹೊಂದಿದವನಿಗೆ ಬಿಡಿ ಭಾಗದ ಹಣ ಹೇಗೆ ಸಲ್ಲುತ್ತದೆ, ಆಕ್ಷೇಪವಿದ್ದರೆ ಯಾರಲ್ಲಿ ಹೇಳಬೇಕು ಎಂಬುದನ್ನು ಬಜಗೋಳಿಯ ಓದುಗನಿಗೆ ಅವನ ಭಾಷೆಯಲ್ಲಿ ಬಿಡಿಸಿ ಹೇಳುವುದು ಪತ್ರಿಕೆಯ ಕೆಲಸ. ಅದು ಕಠಿಣವಾದ, ಶಿಕ್ಷಣ ಬೇಡುವ ಕೆಲಸ. ಅಂತಹ ವರದಿಯೊಂದು ಪ್ರಕಟವಾದರೆ ಅದನ್ನು ಕಳುಹಿಸಲು ನಾಡಿನ ಪರಿಚಿತ ಪ್ರಶಸ್ತಿಗಳಲ್ಲಿ ಒಪ್ಪುವ ವಿಭಾಗ ದೊರೆಯುವುದಿಲ್ಲ.

ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಕರಾವಳಿಯ ಸಣ್ಣ ಬಂಡವಾಳದ ಚರಿತ್ರೆ ಮತ್ತು ಅದರ ಪತ್ರಿಕೆಗಳ ಚರಿತ್ರೆ ಒಂದೇ ನೆಲದಲ್ಲಿ, ಹಲವೊಮ್ಮೆ ಒಂದೇ ಕುಟುಂಬಗಳಲ್ಲಿ ಬೆಳೆದರೂ, ಒಂದನ್ನೊಂದು ವಿಮರ್ಶೆಯ ಕಣ್ಣಿನಿಂದ ನೋಡಿದ್ದು ಕಡಿಮೆ. ಗ್ರಾಮೀಣ, ಪರಿಸರ, ಅಭಿವೃದ್ಧಿ ಬರವಣಿಗೆಗಳು ಪ್ರಶಸ್ತಿಯ ವಿಭಾಗಗಳಾಗಿ ಹೆಸರು ಪಡೆದವು, ಅವುಗಳಿಗೆ ಪರಂಪರೆ ಲಭಿಸಿತು. ಹಣಕಾಸು ಬರವಣಿಗೆಗೆ ಅಂತಹ ಪರಂಪರೆ ಬೆಳೆಯಲಿಲ್ಲ. ಅದರ ನಷ್ಟ ಪತ್ರಕರ್ತರದ್ದಷ್ಟೇ ಅಲ್ಲ. ಕಣ್ಮರೆಯಾದ ಕಂಪನಿಗಳಿಗೆ ಅರ್ಜಿ ತುಂಬಿದವರದ್ದು, ಮುಚ್ಚಿದ ವಿನಿಮಯ ಕೇಂದ್ರದ ಷೇರುಪತ್ರ ಹಿಡಿದವರದ್ದು.

ಈ ಕೊರತೆಯನ್ನು ತುಂಬುವ ಹೊಣೆ ಕಂಪನಿಗಳದ್ದಲ್ಲ, ದಲ್ಲಾಳಿ ಸಂಸ್ಥೆಗಳದ್ದೂ ಅಲ್ಲ. ಅಕಾಡೆಮಿ, ವಿಶ್ವವಿದ್ಯಾಲಯಗಳಂತಹ ಸಾರ್ವಜನಿಕ ಸಂಸ್ಥೆಗಳದ್ದು. ಅವು ವಿಭಾಗವೊಂದನ್ನು ತೆರೆಯುವುದಾದರೆ ಮೂರು ಅಂಶಗಳು ಅಗತ್ಯವೆಂದು ಮೇಲಿನ ಚರಿತ್ರೆ ಸೂಚಿಸುತ್ತದೆ. ದತ್ತಿಯ ಹಣ ವರದಿಗೆ ವಸ್ತುವಾಗಬಲ್ಲ ಕಂಪನಿಗಳಿಂದ ಬಂದಿರಬಾರದು. ಅರ್ಜಿದಾರನು ತನ್ನ ಷೇರು ಹೊಂದಿಕೆಯನ್ನು ಘೋಷಿಸಬೇಕು. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಗಳ ಬರವಣಿಗೆಯನ್ನು ದೊಡ್ಡ ಪತ್ರಿಕೆಗಳೊಂದಿಗೆ ಸ್ಪರ್ಧೆಗೆ ಒಡ್ಡದೆ ಬೇರೆಯಾಗಿ ಪರಿಗಣಿಸಬೇಕು. 38 ರೂಪಾಯಿ 13 ಆಣೆ 2 ಪೈಗಳಿಂದ ಬ್ಯಾಂಕನ್ನು ಕಟ್ಟಿದ, ಓದುಗರ ಷೇರುಗಳಿಂದ ದಿನಪತ್ರಿಕೆಯನ್ನು ಕಟ್ಟಲು ಹೊರಟ ಜನರ ನಾಡಿನಲ್ಲಿ ಸಣ್ಣ ಹಣದ ಲೆಕ್ಕ ಕೇಳುವ ಬರವಣಿಗೆಗೂ ಗೌರವದ ಸ್ಥಾನವೊಂದು ಇರುವುದು ಯುಕ್ತ.